ತಿದ್ದದ ಸಾಲು

"ಅವಳು ತಿರುಗಿ ಬಂದೆ" ಎಂಬ ಸಾಲಿನ ಕೆಳಗೆ ವನಜಮ್ಮ ಟೀಚರ ಬೆರಳು ನಿಂತಿತು. "ಹುಚ್ಚಮ್ಮ, ಅವಳು ಅಂದ್ರೆ ಬಂದಳು ಆಗ್ಬೇಕು. ಬಂದೆ ಅಂದ್ರೆ ನಾನು ಅಂತ ಬರೀಬೇಕು. ಕಥೆ ಯಾರದ್ದು? ಒಂದು ಕಡೆ ನಿಲ್ಲಿ."

ಸೊರಬದ ಮಹಿಳಾ ಸಮಾಜದ ಅಕ್ಷರ ತರಗತಿ ನಕ್ಕಿತು. "ನಮ್ಮಜ್ಜಿ ಅರ್ಧ ದಾರೀಲಿ ಬೇರೆಯೋಳಾಗ್ಬಿಟ್ಲು!" ಎಂದಳು ಬಳೆಗಾರರ ಮನೆಯ ಇಮಾಂಬೀ. ಹುಚ್ಚಮ್ಮನ ಪಕ್ಕದಲ್ಲೇ ಕಲಿಯಲು ಕೂತಿದ್ದ ಮಗಳು ಗುತ್ಯಮ್ಮ ಮಾತ್ರ ನಗದೆ, ತಾಯಿಯ ಸ್ಲೇಟನ್ನು ಎಳೆದುಕೊಂಡು ಅಕ್ಷರ ಕೂಡಿಸಿ ಓದಿದಳು: ಒಬ್ಬಳು ಎಳೆ ಹೆಣ್ಣುಮಗುವನ್ನು ತೊಟ್ಟಿಲಲ್ಲೇ ಬಿಟ್ಟು, ನಿದ್ದೆಗಣ್ಣಲ್ಲಿ ನಡೆಯುವವಳಂತೆ ತವರಿನ ದಾರಿ ಹಿಡಿದಳು. ಗುಡವಿ ಕೆರೆಯ ಏರಿಯ ಮೇಲೆ ನಿಂತಳು. ಬೆಳ್ಳಕ್ಕಿಗಳೆಲ್ಲ ಒಮ್ಮೆಗೇ ಎದ್ದು, ಆಕಾಶವನ್ನು ಬೆಳ್ಳಗೆ ಮಾಡಿ, ಮೆಲ್ಲಗೆ ತಮ್ಮ ತಮ್ಮ ಗೂಡಿಗೆ ಇಳಿದವು. ಅವಳ ರವಿಕೆ ಹಾಲಿನಿಂದ ಒದ್ದೆಯಾಯಿತು. ಅವಳು ತಿರುಗಿ ಬಂದೆ.

"ಆ ಮಗು ಯಾರವ್ವಾ?" ಗುತ್ಯಮ್ಮ ಸ್ಲೇಟನ್ನು ತಾಯಿಯ ಮುಂದಿಟ್ಟಳು.

ಹುಚ್ಚಮ್ಮ ಬೆರಳಿಗೆ ಎಂಜಲು ಹಚ್ಚಿಕೊಂಡಳು. 'ದೆ' ಒರೆಸಿ 'ದಳು' ಬರೆದರೆ ಸಾಕಿತ್ತು, ನಲವತ್ತು ವರ್ಷ ಮುಚ್ಚಿಟ್ಟಿದ್ದು ಹಾಗೇ ಮುಚ್ಚಿರುತ್ತಿತ್ತು. ಬೆರಳು ಆ ಅಕ್ಷರದ ಮೇಲೆ ಬಹಳ ಹೊತ್ತು ತಡೆದು ನಿಂತಿತು. ಆಮೇಲೆ ಬೆರಳನ್ನು ಸೆರಗಿಗೆ ಒರೆಸಿಕೊಂಡಳು.

"ತಪ್ಪಲ್ಲ ಟೀಚರೇ, ಹಂಗೇ ಇರ್ಲಿ" ಎಂದಳು, ಮಗಳ ಮುಖವನ್ನೇ ನೋಡುತ್ತ. "ಬಿಟ್ಟು ಹೋದೋಳು ಅವಳು. ತಿರುಗಿ ಬಂದೋಳು ನಾನು."