ಬೀದಿಗೆ ಕಾಣುವ ಮುಖ

ಮಾರ್ವಾ ಎದುರು ಮನೆಯ ಕದ ತಟ್ಟಲಿಲ್ಲ, ಗುದ್ದಿದಳು. ಅವಳ ಕೈಯಲ್ಲಿ ಒಂದು ಫೋಟೊ ಇತ್ತು.

ಬೆಳಿಗ್ಗೆ ಅದನ್ನು ತಂದುಕೊಟ್ಟವರು ಬಡಾವಣೆಯ ಪರಂಪರೆ ಸಮಿತಿಯವರು. ವಾಲ್ನಟ್ ಬೀದಿಯ ಮನೆಗಳು ಮುತ್ತಜ್ಜಂದಿರ ಕಾಲದವು. ಬೀದಿಗೆ ಕಾಣುವ ಕಡೆ ಸಮಿತಿಯನ್ನು ಕೇಳದೆ ಒಂದು ಮೊಳೆ ಹೊಡೆಯುವಂತಿಲ್ಲ. ಮಾರ್ವಾ ಹೊಡೆಸಿದ್ದಳು. ಗಂಡ ಎಲ್ಡನ್‌ಗೆ ಲಕ್ವ ಹೊಡೆದ ಮೇಲೆ, ಅವನ ಗಾಲಿಕುರ್ಚಿ ಇಳಿಯಲೆಂದು ಮುಂಬಾಗಿಲಿಗೆ ಮರದ ರ‍್ಯಾಂಪ್ ಹಾಕಿಸಿದ್ದಳು. ಹಿತ್ತಲು ನೇರ ಹೊಳೆಗೇ ಇಳಿಯುತ್ತದೆ, ಅಲ್ಲಿ ದಾರಿಯಿಲ್ಲ. ಯಾರೋ ಫೋಟೊ ತೆಗೆದು ದೂರು ಕೊಟ್ಟಿದ್ದರು. ಈಗ ರ‍್ಯಾಂಪ್ ಕೀಳಬೇಕು. ಕಿತ್ತರೆ ಎಲ್ಡನ್ ವೃದ್ಧಾಶ್ರಮಕ್ಕೆ ಹೋಗಬೇಕು. ಅವನನ್ನು ಹೊತ್ತು ಮೆಟ್ಟಿಲಿಳಿಸುವ ತ್ರಾಣ ಅವಳಿಗಿರಲಿಲ್ಲ.

ಯಾರೆಂದು ಬೇರೆ ಕೇಳಬೇಕೆ? ಎದುರು ಮನೆಯ ಕೊರಿನ್. ಹಿಂದೆ ಅವಳ ತಾಯಿಗೆಂದು ಹಾಕಿಸಿದ ಇಂಥದೇ ರ‍್ಯಾಂಪನ್ನು ಕೀಳಿಸಿದವನು, ಆಗ ಸಮಿತಿಯ ಅಧ್ಯಕ್ಷನಾಗಿದ್ದ ಎಲ್ಡನ್. ಮನೆಯ ವಿಷಯದಲ್ಲಿ ಅವನು ಮಹಾ ಹಟಮಾರಿ. ಸಮಿತಿ ಹುಟ್ಟುವ ಮೊದಲೇ ಬೀದಿಯವರೆಲ್ಲ ಕಿಟಕಿಗೆ ಹೊಸ ಗಾಜು ಹಾಕಿಸಿಕೊಂಡರೂ ಇವನು ಹಳೆಯದನ್ನೇ ಉಳಿಸಿಕೊಂಡ. ಆ ಗಾಜಿನ ಮೂಲಕ ನೋಡಿದರೆ ನೆಟ್ಟಗೆ ನಡೆಯುವ ಅಂಚೆಯವನೂ ಕುಡಿದವನಂತೆ ಓಲಾಡುತ್ತಿದ್ದ.

ಕೊರಿನ್ ಕದ ತೆಗೆದಳು.

“ನಾಚ್ಕೆ ಆಗ್ಲಿಲ್ವಾ ನಿಂಗೆ? ಎದ್ದು ನಿಲ್ಲಕ್ಕಾಗ್ದೆ ಇರೋನ ಮೇಲೆ ಸೇಡಾ?”

“ಒಳಗ್ ಬಾ ಮಾರ್ವಾ. ಕಾಫಿ ಇಟ್ಟಿದೀನಿ.”

“ನಿನ್ ಕಾಫಿ ನೀನೇ ಕುಡಿ! ಕದ್ದು ನಮ್ಮ ಅಂಗಳಕ್ಕೆ ಬಂದು ಇಷ್ಟು ಹತ್ರದಿಂದ ತೆಗ್ದಿದೀಯಲ್ಲ, ಅದನ್ನಾದ್ರೂ ನೆಟ್ಟಗೆ ತೆಗೀಬಾರ್ದಾ? ನೋಡು, ರ‍್ಯಾಂಪಿನ ಕಂಬಿ ಹಾವಿನ ಥರ ಸೊಟ್ಟಗೆ ಬಂದಿದೆ. ಭಯಕ್ಕೆ ಕೈ ನಡುಗ್ತೇನೋ?”

ಕೊರಿನ್ ಫೋಟೊವನ್ನು ತೆಗೆದುಕೊಂಡು ಬಹಳ ಹೊತ್ತು ನೋಡಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಮಾರ್ವಾಳನ್ನು ಅದೇ ಇನ್ನಷ್ಟು ಉರಿಸಿತು.

“ಅಮ್ಮನ್ನ ಆಶ್ರಮಕ್ಕೆ ಬಿಟ್ಟು ಬಂದಾಗ ನಾನೆಷ್ಟು ಅತ್ತೆ ಅಂತ ನೀನೇ ಕಂಡಿದೀಯ. ಅದೇ ಗತಿ ನಿಂಗೂ ಬರ್ಲಿ ಅಂತೀನಾ?” ಕೊರಿನ್ ಫೋಟೊ ಹಿಂದಿರುಗಿಸಿದಳು. “ಮನೇಲಿ ಕೂತು ಇದನ್ನ ಇನ್ನೊಂದ್ ಸಲ ನೋಡು.”

ನೆರೆಯವಳೆಂದು ಇಷ್ಟು ವರ್ಷ ನಂಬಿದ್ದಕ್ಕೆ ತನ್ನನ್ನೇ ಶಪಿಸಿಕೊಳ್ಳುತ್ತ ಮಾರ್ವಾ ರ‍್ಯಾಂಪ್ ಹತ್ತಿ ಬಂದಳು. ಎಲ್ಡನ್ ಎಂದಿನಂತೆ ಮುಂದಿನ ಕಿಟಕಿಯ ಬಳಿ ಕುಳಿತಿದ್ದ. ಸ್ವಾಧೀನವಿದ್ದ ಬಲಗೈ ತೊಡೆಯ ಮೇಲಿನ ಫೋನಿನ ಮೇಲಿತ್ತು.

“ಏನಂದ್ಲು?”

“ನಾನಲ್ಲ ಅಂದ್ಲು. ಸುಳ್ಳುಬುರುಕಿ.”

“ಹೋಗ್ಲಿ ಬಿಡು ಮಾರ್ವಿ. ಕಾನೂನು ಕಾನೂನೇ. ಮನೆ ಮುಖ ಮೊದ್ಲಿನ ಹಾಗಾಗುತ್ತಲ್ಲ.”

“ಮನೆ ಮುಖ ಕಟ್ಕೊಂಡು ಏನಾಗ್ಬೇಕು? ನೀನೇ ಇಲ್ಲಿರಲ್ಲ!”

ಅವಳು ದಣಿದು ಅವನ ಪಕ್ಕದ ಮಣೆಯ ಮೇಲೆ ಕುಸಿದಳು. ಅಳು ಒತ್ತರಿಸಿ ಬಂತು. ಅದನ್ನು ಅವನಿಗೆ ತೋರಿಸಬಾರದೆಂದು ಮುಖ ತಿರುಗಿಸಿ ಹೊರಗೆ ನೋಡಿದಳು.

ಕಿಟಕಿಯ ಆ ಹಳೆಯ ಗಾಜಿನಾಚೆ, ರ‍್ಯಾಂಪಿನ ಕಂಬಿ ಹಾವಿನ ಥರ ಸೊಟ್ಟಗಿತ್ತು.