ನಾಲ್ವರ ಟೆಂಟು

ಮಳೆಗಾಳಿ ಟೆಂಟನ್ನು ಎತ್ತಿ ಎತ್ತಿ ಕುಕ್ಕುತ್ತಿತ್ತು. ಹೆಂಡತಿ ಎಡ ಮೂಲೆಯಲ್ಲಿ, ದೊಡ್ಡ ಮಗಳು ಬಲ ಮೂಲೆಯಲ್ಲಿ, ಅವನು ಬಾಗಿಲ ಜಿಪ್ ಹಿಡಿದುಕೊಂಡು, ಮೂವರೂ ತೊಯ್ದು ತೊಪ್ಪೆಯಾಗಿ ಕೂತಿದ್ದರು. ಬೆಟ್ಟದ ತುದಿ ಇನ್ನೂ ಎಷ್ಟೋ ಮೇಲಿತ್ತು; ಮಟಮಟ ಮಧ್ಯಾಹ್ನವೇ ಕತ್ತಲು ಕವಿದು, ದಾರಿಯಲ್ಲೇ ಟೆಂಟು ಹಾಕಬೇಕಾಗಿ ಬಂದಿತ್ತು. ಒಳಗೆ ನೆನೆಯದೆ ಉಳಿದದ್ದು ನಟ್ಟನಡುವೆ ಒಬ್ಬರು ಮಲಗುವಷ್ಟು ಜಾಗ ಮಾತ್ರ.

“ಊರಿನ ಲಾರಿಗಳಿಗೆಲ್ಲ ಟಾರ್ಪಾಲು ಹೊಲಿದುಕೊಡೋರ ಟೆಂಟೇ ಸೋರ್ತಿದೆ ಅಂದ್ರೆ ಯಾರು ನಂಬ್ತಾರೆ?” ಎಂದಳು ಹೆಂಡತಿ. ನಗಿಸಲೆಂದೇ ಆಡಿದ ಮಾತು, ಯಾರೂ ನಗಲಿಲ್ಲ.

ಟೆಂಟನ್ನು ಹೊಲಿದವನು ಅವನೇ, ನಾಲ್ವರ ಅಳತೆಗೆ. ಹೋದ ವರ್ಷ ಚಿಕ್ಕ ಮಗಳು ಜ್ವರದಲ್ಲಿ ತೀರಿಕೊಂಡ ಮೇಲೆ, ಮೂವರಿಗೆ ಸಾಕಾಗುವಷ್ಟು ಕಿರಿದು ಮಾಡೋಣವೆಂದು ಒಂದು ದಿನ ಅಂಗಡಿಯ ಮೇಜಿನ ಮೇಲೆ ಹರಡಿಯೂ ಇದ್ದ. ಕತ್ತರಿ ಹಾಕಲು ಕೈ ಬರಲಿಲ್ಲ. ಅವಳು ಮಲಗುತ್ತಿದ್ದದ್ದು ನಡುವೆ.

“ಅಪ್ಪಾ, ನಡುಗ್ತಿದ್ದೀಯ. ಈ ಕಡೆ ಸರಿದು ಕೂತ್ಕೋ,” ಎಂದಳು ದೊಡ್ಡವಳು, ಆ ಜಾಗದತ್ತ ನೋಡದೆ.

“ನಂಗೇನಾಗಿಲ್ಲ. ನೀನೇ ಸರ್ಕೋ.”

“ನಂಗೂ ಏನಾಗಿಲ್ಲ.” ಅವಳ ಹಲ್ಲುಗಳು ಕಟಕಟ ಎನ್ನುತ್ತಿದ್ದವು. ಹೆಂಡತಿಯ ಬೆನ್ನ ಮೇಲೆ ನೀರು ಧಾರೆಯಾಗಿ ಇಳಿಯುತ್ತಿತ್ತು; ಅವಳೂ ಕದಲಲಿಲ್ಲ.

ಆಗ ನೆತ್ತಿಯ ಹೊಲಿಗೆ ಬಿಟ್ಟುಕೊಂಡು, ಒಂದು ಹನಿ ಆ ಒಣ ಜಾಗದ ಮೇಲೆ ಟಪ್ಪೆಂದು ಬಿತ್ತು. ಇನ್ನೊಂದು ಹನಿ ಬೀಳುವಷ್ಟರಲ್ಲಿ ಮೂರು ಅಂಗೈಗಳು ಕತ್ತಲಲ್ಲಿ ಒಂದಕ್ಕೊಂದು ಬಡಿದುಕೊಂಡು ಅದರ ಕೆಳಗೆ ಚಾಚಿಕೊಂಡಿದ್ದವು.