ಬೆಳಗದ ಕಡಗ

ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ತಿಂದು ಕೈ ತೊಳೆದರು. ಇನ್ನು ಹುಡುಗ ಓದಿ ಹುಡುಗಿ ಕೇಳುವ ಶಾಸ್ತ್ರ. ನಾನು ಸೆರಗು ಸರಿಸಿ, ಗಾಜಿನ ಕಡಗ ಎಲ್ಲರಿಗೂ ಕಾಣುವ ಹಾಗೆ ಕೂತೆ. ಎಲ್ಲರ ಕೈಯಲ್ಲೂ ಇರುವಂಥದ್ದೇ. ಏನಾದರೂ ನಿಜವಾಗಿ ಮನಸ್ಸಿಗೆ ಹಿಡಿಸಿದರೆ ಬೆಳಗುತ್ತದೆ, ನಾಟಕ ಮಾಡಿದರೆ ಇಲ್ಲ.

ಓದುವುದು ಯಾವಾಗಲೂ ಅದೇ ಮಹಾಕಾದಂಬರಿ, ನಾಯಕಿ ಹೊಳೆ ದಾಟುವ ಅದೇ ಅಧ್ಯಾಯ. ಅದನ್ನು ಕೇಳಿದರೆ ಊರಿನವರ ಕಡಗಗಳೆಲ್ಲ ಬೆಳಗುತ್ತವೆ. ನನಗೆ ಮಾತ್ರ, ಈ ಹೆಂಗಸು ಬೇಗ ದಾಟಿಬಿಡಬಾರದೇ ಅನ್ನಿಸುತ್ತದೆ. ಹಿಂದೆ ಬಂದವರೆಲ್ಲ ಬೆಳಗದೆ ಕಪ್ಪಾಗಿಯೇ ಉಳಿದ ನನ್ನ ಕಡಗ ನೋಡಿ ಎದ್ದು ಹೋದರು. ಮೊದಮೊದಲು ಅಳುತ್ತಿದ್ದೆ. ಈಗ ಅವರು ಹೋದಮೇಲೆ ಉಳಿದ ಉಪ್ಪಿಟ್ಟು ತಿನ್ನುತ್ತೇನೆ.

"ಈ ಸಲವಾದರೂ ಮನಸ್ಸಿಟ್ಟು ಕೇಳೇ," ಎಂದರು ದೊಡ್ಡಮ್ಮ.

ಹುಡುಗ ಧರಣೇಂದ್ರ ಓದತೊಡಗಿದ. ತುಂಬುತೋಳಿನ ಅಂಗಿ, ಮಣಿಕಟ್ಟಿಗೆ ಗುಂಡಿ ಬಿಗಿದಿದ್ದ; ಒಳಗಿನ ಕಡಗ ಕಾಣುತ್ತಿರಲಿಲ್ಲ. ಅವನ ತಾಯಿಯ ಕಡಗ, ನನ್ನ ಅಪ್ಪನದು, ದೊಡ್ಡಮ್ಮನದು ಒಂದೊಂದಾಗಿ ಹೊತ್ತಿಕೊಂಡವು. ನಾನು ಫ್ಯಾನ್ ತಿರುಗುವುದನ್ನು ನೋಡುತ್ತಿದ್ದೆ.

ನಾಯಕಿ ನೀರಿಗೆ ಕಾಲಿಟ್ಟಳು. ಧರಣೇಂದ್ರ ಪುಸ್ತಕವನ್ನು ಮುಖಕ್ಕೆ ಅಡ್ಡ ಹಿಡಿದ. ಪಕ್ಕದಲ್ಲಿದ್ದ ನನಗೊಬ್ಬಳಿಗೇ ಕಂಡಿತು: ಕಣ್ಣಲ್ಲಿ ನೀರು ಬರುವಂಥ ಆಕಳಿಕೆ. ಅದು ಮುಗಿದದ್ದೇ ನಾಲ್ಕಾರು ಹಾಳೆ ಒಟ್ಟಿಗೆ ಮಗುಚಿ, ನಾಯಕಿಯನ್ನು ಆಚೆ ದಡಕ್ಕೆ ತಲುಪಿಸಿಬಿಟ್ಟ. ಯಾರಿಗೂ ಗೊತ್ತಾಗಲಿಲ್ಲ. ಅವರ ಕಡಗಗಳು ಬೆಳಗುತ್ತಲೇ ಇದ್ದವು.

ನನ್ನ ಮಣಿಕಟ್ಟು ಬೆಚ್ಚಗಾಯಿತು.

"ನೋಡಿ, ನೋಡಿ!" ದೊಡ್ಡಮ್ಮ ಕಣ್ಣೊರೆಸಿಕೊಂಡರು. "ಕೊನೆಗೂ ಆ ಕಾದಂಬರಿ ಇವಳ ಮನಸ್ಸು ಮುಟ್ಟಿತು."

ನಾನು ಹೌದೆಂದು ತಲೆಯಾಡಿಸಿದೆ. ಧರಣೇಂದ್ರ ನನ್ನ ಕೈ ನೋಡಿ ಪುಸ್ತಕ ಮುಚ್ಚಿಟ್ಟ. ಆಮೇಲಷ್ಟೇ ಅವನ ಅಂಗಿಯ ತೋಳಿನೊಳಗಿಂದ ಬೆಳಕು ಕಾಣಿಸಿತು.